ಪ್ರೀಮಿಯರ್ ಪದ್ಮಿನಿ: ಇಂದು ಕೊಂಡು ಓಡಿಸಬಹುದೇ?

ಹಳೆಯ ಕಾರು ಬೇಕೆಂದು ಹುಡುಕಲು ಹೊರಡುವ ನನ್ನ ವಯಸ್ಸಿನವರಲ್ಲಿ ಹೆಚ್ಚಿನವರು ಆ ಕಾರನ್ನು ಎಂದೂ ಓಡಿಸಿದವರಲ್ಲ; ಹಿಂದಿನ ಸೀಟಿನಲ್ಲಿ ಅಮ್ಮನಿಗೂ ಕಿಟಕಿಗೂ ನಡುವೆ ತೂರಿಕೊಂಡು ಅಜ್ಜಿಯ ಮನೆಗೆ ಹೋಗಿ ಬಂದವರು. ಪ್ರೀಮಿಯರ್ ಪದ್ಮಿನಿಯ ಬಗ್ಗೆ ಕೇಳಿಬರುವ ಹೊಗಳಿಕೆಯ ಬಹುಪಾಲು ಆ ಹಿಂದಿನ ಸೀಟಿನದು. ನಮ್ಮ ಮನೆಯ 1986ರ ಪೆಟ್ರೋಲ್ ಪದ್ಮಿನಿಯನ್ನು ಈಗ ನಾನೇ ಓಡಿಸುತ್ತಿರುವುದರಿಂದ, ಸ್ಟೀರಿಂಗ್ ಹಿಡಿದವನ ಲೆಕ್ಕವನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ಇಟಲಿಯ ಫಿಯೆಟ್ 1100 ಕಾರನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ತಯಾರಿಸುತ್ತಿತ್ತು. 1970ರ ದಶಕದ ಆರಂಭದಲ್ಲಿ ಅದಕ್ಕೆ ಪ್ರೆಸಿಡೆಂಟ್ ಎಂದೂ 1974ರಿಂದ ಚಿತ್ತೋಡದ ರಾಣಿಯ ಹೆಸರಿನಲ್ಲಿ ಪದ್ಮಿನಿ ಎಂದೂ ಹೆಸರಿಟ್ಟರು. ನಮ್ಮ ಕಡೆಯವರು ಮಾತ್ರ ಅದನ್ನು ಕೊನೆಯವರೆಗೂ ಫಿಯೆಟ್ ಎಂದೇ ಕರೆದರು. 1089 ಸಿಸಿಯ ನಾಲ್ಕು ಸಿಲಿಂಡರುಗಳ ಎಂಜಿನ್ನು ಕೊಡುವ ಶಕ್ತಿ 40 ಅಶ್ವಶಕ್ತಿಯ ಆಸುಪಾಸಿನದು.

ಈ ಕಾರಿನ ನಿಜವಾದ ಸಂಪತ್ತು ಮುಂದಿನ ಉದ್ದನೆಯ ಸೀಟು. ಗೇರಿನ ಕಡ್ಡಿ ಸ್ಟೀರಿಂಗ್ ಬುಡದಲ್ಲೇ ಇರುವುದರಿಂದ ನಡುವೆ ಅಡ್ಡಿಯಿಲ್ಲ. ಮುಂದೆ ಮೂವರು ಹೆಗಲಿಗೆ ಹೆಗಲು ತಾಗಿಸಿ ಕೂರಬಹುದು. ಹಾಗೆ ಕುಳಿತಾಗ ಯಾರೂ ಯಾರಿಂದಲೂ ಏನನ್ನೂ ಮುಚ್ಚಿಡಲಾಗುವುದಿಲ್ಲ: ಮುಂದಿನವರು ಪಿಸುಗುಟ್ಟಿದ್ದಕ್ಕೆ ಹಿಂದಿನಿಂದ ಉತ್ತರ ಬರುತ್ತದೆ. 1990ರಲ್ಲಿ ತೆರೆಗೆ ಬಂದ ಫಣಿ ರಾಮಚಂದ್ರ ನಿರ್ದೇಶನದ ‘ಗಣೇಶನ ಮದುವೆ’ಯ ನಗೆಯೂ ಇಂಥ ಇಕ್ಕಟ್ಟಿನಿಂದಲೇ ಹುಟ್ಟುತ್ತದೆ. ಅನಂತನಾಗ್ ಮತ್ತು ವಿನಯಾ ಪ್ರಸಾದ್ ಅವರ ಪಾತ್ರಗಳು ಒಂದೇ ವಠಾರದಲ್ಲಿ ಕಿತ್ತಾಡುವುದೂ, ಒಬ್ಬರ ಮನೆಯ ರಗಳೆ ಎಲ್ಲರ ಕಿವಿಗೂ ಬೀಳುವುದೂ, ಮುಖ್ಯಮಂತ್ರಿ ಚಂದ್ರು ನಟಿಸಿದ ವಠಾರದ ಮಾಲೀಕ ರಮಣಮೂರ್ತಿ ಬಾಡಿಗೆದಾರರೊಡನೆ ಹೆಣಗುವುದೂ ಎಲ್ಲರೂ ಒತ್ತೊತ್ತಾಗಿ ಬದುಕುತ್ತಿರುವುದರಿಂದಲೇ ನಡೆಯುತ್ತವೆ. ಆ ಚಿತ್ರವನ್ನು ಒಬ್ಬರೇ ಫೋನಿನಲ್ಲಿ ನೋಡಿದರೆ ಅಲ್ಲಲ್ಲಿ ಎಳೆದಂತೆ ಅನ್ನಿಸುವುದುಂಟು. ಮುಂದಿನ ಮಾತನ್ನು ಮೊದಲೇ ಒಪ್ಪಿಸಿಬಿಡುವ ಚಿಕ್ಕಪ್ಪನೊಬ್ಬ ಪಕ್ಕದಲ್ಲಿದ್ದರೆ ಅದೇ ದೃಶ್ಯಕ್ಕೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ಪದ್ಮಿನಿಯೂ ಅಷ್ಟೇ. ಮನೆಮಂದಿಯನ್ನು ತುಂಬಿಕೊಂಡು ಭಾನುವಾರ ಹೊರಟರೆ ಅದರ ಪ್ರತಿಯೊಂದು ಕುಂದೂ ತಮಾಷೆಯಾಗುತ್ತದೆ; ಸೋಮವಾರ ಒಬ್ಬರೇ ಕಚೇರಿಗೆ ಹೊರಟರೆ ಅವೇ ಕುಂದುಗಳು ತಲೆನೋವಾಗುತ್ತವೆ. 2019ರಲ್ಲಿ ಜಗ್ಗೇಶ್ ಅವರ ಚಿತ್ರವೊಂದಕ್ಕೆ ಈ ಕಾರಿನ ಹೆಸರನ್ನೇ ಇಟ್ಟಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಕುಂದುಗಳಲ್ಲಿ ಮೊದಲನೆಯದು ಗೇರು. ಕಡ್ಡಿಯಿಂದ ಗೇರ್‌ಬಾಕ್ಸ್‌ವರೆಗೆ ಹೋಗುವ ಸರಳುಗಳ ಬುಷ್‌ಗಳು ಸವೆದಿದ್ದರೆ, ಸಿಗ್ನಲ್ಲಿನಲ್ಲಿ ಮೊದಲ ಗೇರಿಗೆ ಹಾಕುವಾಗ ಕಡ್ಡಿ ನಡುವೆಯೇ ಕಚ್ಚಿಕೊಂಡು ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಿಲ್ಲುತ್ತದೆ. ಆಗ ಇಳಿದು, ಬಾನೆಟ್ ಎತ್ತಿ, ಸರಳನ್ನು ಕೈಯಿಂದಲೇ ಅಲುಗಾಡಿಸಿ ಬಿಡಿಸಬೇಕು. ಹಿಂದಿನ ವಾಹನಗಳ ಹಾರ್ನ್ ಕೇಳಿಸದಂತೆ ನಟಿಸುವುದೂ ಆ ಕೆಲಸದ ಭಾಗವೇ. ಎರಡನೆಯದು ಬೇಸಿಗೆ. ಪೆಟ್ರೋಲನ್ನು ಎಳೆದುಕೊಡುವ ಪಂಪು ಎಂಜಿನ್ನಿಗೇ ಅಂಟಿಕೊಂಡಿರುವುದರಿಂದ, ಏಪ್ರಿಲ್ ತಿಂಗಳ ಮಧ್ಯಾಹ್ನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ಒಳಗಿನ ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಹತ್ತು ನಿಮಿಷ ಕಾದರೆ ಮತ್ತೆ ಹೊರಡುತ್ತದೆ. ನಮ್ಮ ಡಿಕ್ಕಿಯಲ್ಲಿ ಒಂದು ಹಳೆಯ ಟವೆಲ್ಲು, ಒಂದು ಬಾಟಲಿ ನೀರು ಸದಾ ಇರುತ್ತವೆ.

ಬ್ರೇಕಿನ ವಿಷಯದಲ್ಲಿ ಮಾತ್ರ ತಮಾಷೆ ಸಲ್ಲದು. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು. ಇಂದಿನ ಕಾರಿನಿಂದ ಇಳಿದು ಬಂದವರಿಗೆ ಪೆಡಲನ್ನು ಒದೆಯಬೇಕಲ್ಲ ಎನ್ನಿಸುತ್ತದೆ. ನಮ್ಮದರ ಹಿಂದಿನ ಸೀಟಿಗೆ ಬೆಲ್ಟೂ ಇಲ್ಲ. ಆದ್ದರಿಂದ ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ಎಕ್ಸ್‌ಪ್ರೆಸ್‌ವೇಯ ಗೊಡವೆಗೆ ಹೋಗದೆ, ಊರುಗಳ ಒಳಗೆ ಹಾಯ್ದು ಹೋಗುವ ಹಳೆಯ ದಾರಿ ಹಿಡಿಯುತ್ತೇನೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ, ಮುಂದಿನ ಪುಟ್ಟ ತ್ರಿಕೋನ ಗಾಜನ್ನು ಎದೆಗೆ ಗಾಳಿ ಬೀಸುವಂತೆ ತಿರುಗಿಸಿಕೊಂಡು, ಮದ್ದೂರಿನಲ್ಲಿ ವಡೆಗೆ ನಿಲ್ಲಿಸಿ ಸಾಗುವಾಗ ಈ ಕಾರಿಗೆ ಸಾಟಿಯಿಲ್ಲ. ಆ ಗಾಜನ್ನು ಇಂದಿನ ಕಾರುಗಳಿಂದ ಏಕೆ ಕಿತ್ತುಹಾಕಿದರೋ! ಹಿಂದಿನ ಚಕ್ರಗಳ ಪಟ್ಟಿ ಸ್ಪ್ರಿಂಗು (ಲೀಫ್ ಸ್ಪ್ರಿಂಗ್), ಮೆತ್ತನೆಯ ಸೀಟು ಎರಡೂ ಸೇರಿ ಗುಂಡಿಗಳನ್ನು ಚೆನ್ನಾಗಿಯೇ ನುಂಗುತ್ತವೆ. ಲೀಟರಿಗೆ 11 ಕಿ.ಮೀ. ಸಿಕ್ಕರೆ ನಾನು ದೂರುವುದಿಲ್ಲ.

ರಿಪೇರಿ ಊಹಿಸುವಷ್ಟು ಕಷ್ಟವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಬಿಡಿಭಾಗದಂಗಡಿಗಳಲ್ಲಿ ಬುಷ್, ಬ್ರೇಕ್ ಲೈನರ್, ಕಾರ್ಬ್ಯುರೇಟರ್ ಕಿಟ್‌ಗಳನ್ನು ಹುಡುಕಿಕೊಳ್ಳಬಹುದು. ಕಷ್ಟವಾಗುವುದು ತಗಡಿನ ಕೆಲಸ. ಗ್ಯಾರೇಜೊಂದರವರು ನಮ್ಮ ಕಾರಿನ ಕಾಲಡಿಯ ತುಕ್ಕನ್ನು ಕೆರೆಯದೆ ಅದರ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಟ್ಟಿದ್ದರು. ಒಂದೇ ಮಳೆಗಾಲಕ್ಕೆ ಮ್ಯಾಟಿನ ಕೆಳಗೆ ರಸ್ತೆ ಕಾಣಿಸತೊಡಗಿತು. ಕೊಳ್ಳುವವರು ಹೊಳೆಯುವ ಬಣ್ಣಕ್ಕೆ ಮರುಳಾಗದೆ ಮ್ಯಾಟು ಎತ್ತಿ, ಬಾಗಿಲ ಕೆಳಗಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಬೇಕು. ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪುಗಳು ಬಾಳುವುದಿಲ್ಲವಾದ್ದರಿಂದ, ಕಾರು ಮನೆಗೆ ಬಂದ ವಾರವೇ ಅವುಗಳನ್ನು ಬದಲಾಯಿಸುವುದು ಕ್ಷೇಮ.

ಕಾಗದಪತ್ರಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದವುಗಳಿಗೆ ಆಮೇಲೆ ಮತ್ತೂ ಏರಿದೆ. 50 ವರ್ಷ ತುಂಬಿದ ಗಾಡಿಯನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದಾದರೂ, ಹಾಗೆ ಮಾಡಿಸಿದ ಮೇಲೆ ಅದನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಆರ್‌ಸಿ ಜೀವಂತವಾಗಿಲ್ಲದ ಕಾರು ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡವೆನ್ನಿ.

ಮನೆಯಲ್ಲಿ ಇನ್ನೊಂದು ಕಾರೂ, ನೆರಳಿರುವ ಜಾಗವೂ, ಹೊರಡೋಣ ಎಂದರೆ ಹತ್ತಿ ಕೂರುವ ನಾಲ್ಕು ಜನರೂ ಇದ್ದರೆ ಪದ್ಮಿನಿಯನ್ನು ಧಾರಾಳವಾಗಿ ಕೊಳ್ಳಬಹುದು. ಇರುವ ಒಂದೇ ಕಾರು ಇದಾಗುವುದಾದರೆ ಬೇಡ. ಊರಿನಲ್ಲಿ ಪದ್ಮಿನಿ ಇಟ್ಟುಕೊಂಡ ನೆಂಟರೊಬ್ಬರನ್ನು ಹುಡುಕಿಕೊಂಡು, ಪೆಟ್ರೋಲಿನ ಖರ್ಚು ತಮ್ಮದೆಂದು ಹೇಳಿ ಹಿಂದಿನ ಸೀಟಿನಲ್ಲಿ ಕೂರುವುದೇ ಲಾಭದಾಯಕ.