‘ಎ ಪ್ರಿನ್ಸೆಸ್ ಆಫ್ ಮಾರ್ಸ್’: ಕಥೆ ಓದಿ, ಈ ಮುದ್ರಣ ಬೇಡ

150 ರೂಪಾಯಿಯ ಪೇಪರ್‌ಬ್ಯಾಕ್, ಆನ್‌ಲೈನ್‌ನಲ್ಲಿ ಕೋಲಾರಕ್ಕೆ ತರಿಸಿದ್ದು. ಅಮೆರಿಕದ ಎಡ್ಗರ್ ರೈಸ್ ಬರೋಸ್ ಇಂಗ್ಲಿಷಿನಲ್ಲಿ ಬರೆದ, ಮಂಗಳ ಗ್ರಹದಲ್ಲಿ ನಡೆಯುವ ಈ ಸಾಹಸ ಕಥೆ 1912ರಲ್ಲಿ ‘ಆಲ್-ಸ್ಟೋರಿ’ ಪತ್ರಿಕೆಯಲ್ಲಿ ಆರು ಕಂತುಗಳಾಗಿ ಬಂತು, 1917ರಲ್ಲಿ ಪುಸ್ತಕವಾಯಿತು.

ಲೇಖಕರು ತೀರಿಕೊಂಡದ್ದು 1950ರಲ್ಲಿ. ನಮ್ಮ ಕಾನೂನಿನಂತೆ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುವುದರಿಂದ 2011ರಿಂದ ಇದನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಈ ಪ್ರತಿಯಲ್ಲಿ ಹಳೆಯ ಪುಸ್ತಕವನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರ್ ಓದಿದ್ದನ್ನು ಕರಡು ತಿದ್ದದೆ ಹಾಗೇ ಸುರಿದಿದ್ದಾರೆ. ‘ಎಂ’ ಇರಬೇಕಾದ ಕಡೆ ‘ಆರ್’, ‘ಎನ್’ ಎರಡಕ್ಷರ ಕೂತಿವೆ. ಕಥೆಯಲ್ಲಿ ಬರುವ ರೇಡಿಯಂ ಗುಂಡುಗಳನ್ನು ವಿವರಿಸುವ ಅಡಿಟಿಪ್ಪಣಿ ಕಥೆಯ ಮಾತಿನ ನಡುವೆಯೇ ನುಗ್ಗಿದೆ. ಸುಮಾರು 67,000 ಪದಗಳ ಕಥೆಗೆ ಕಣ್ಣಿಗೆ ಹಿತವಾದ ಅಕ್ಷರದಲ್ಲಿ ಹತ್ತಿರಹತ್ತಿರ 200 ಪುಟ ಬೇಕು. ಇಲ್ಲಿ 120ಕ್ಕೆ ತುರುಕಿದ್ದಾರೆ. ಒಳ ಅಂಚು ಬಿಟ್ಟಿಲ್ಲ, ಸಾಲಿನ ಕೊನೆ ಬೆನ್ನಿನೊಳಗೆ ಮುಳುಗುತ್ತದೆ. ಅದನ್ನು ಓದಲೆಂದು ಅಗಲಿಸಿದರೆ ಹೊಲಿಗೆಯಿಲ್ಲದ ಬರೀ ಅಂಟಿನ ಬೈಂಡಿಂಗ್ ಬಿರುಕು ಬಿಡುತ್ತದೆ. ಈಗಾಗಲೇ ಕೊಂಡಿದ್ದರೆ, ಓದುವ ಮೊದಲು ಮುಂದಿನಿಂದ ಹತ್ತು ಪುಟ, ಹಿಂದಿನಿಂದ ಹತ್ತು ಪುಟ ಹೀಗೆ ಸರದಿಯಂತೆ ಮೆಲ್ಲಗೆ ಒತ್ತುತ್ತಾ ನಡುವಿಗೆ ಬನ್ನಿ.

ಬೇರೆ ಮುದ್ರಣ ಕೊಳ್ಳುವವರು ಎರಡು ವಿಷಯ ನೋಡಿಕೊಳ್ಳಿ. ಒಟ್ಟು 28 ಅಧ್ಯಾಯಗಳು ಇರಬೇಕು. ಮುನ್ನುಡಿಯೂ ಇರಬೇಕು, ಅದು ಕಥೆಯದೇ ಭಾಗ: ಒಳಗಿನಿಂದ ಮಾತ್ರ ತೆರೆಯುವ ಬೀಗವಿರುವ ಗೋರಿಯ ಸಂಗತಿ ಅಲ್ಲೇ ಬರುತ್ತದೆ. ದುಡ್ಡು ಖರ್ಚು ಮಾಡದೆ ಓದುವುದಾದರೆ ಹಳೆಯ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟನ್‌ಬರ್ಗ್‌ನಲ್ಲಿ 62ನೇ ಸಂಖ್ಯೆಯ ಪಠ್ಯ ಉಚಿತ, ಇದಕ್ಕಿಂತ ಎಷ್ಟೋ ಶುದ್ಧ.

ಇನ್ನು ಕಥೆ. ವರ್ಜೀನಿಯಾದ ಸೈನಿಕ ಜಾನ್ ಕಾರ್ಟರ್ ಅರಿಜೋನಾದ ಗುಹೆಯೊಂದರಿಂದ ಮಂಗಳಕ್ಕೆ ಹೋಗಿಬೀಳುತ್ತಾನೆ. ನಾಲ್ಕು ಕೈಗಳ, 15 ಅಡಿ ಎತ್ತರದ ಹಸಿರು ಜನ, ಕತ್ತಿ ಕಾಳಗ, ಹಾರುವ ಹಡಗು ಎಲ್ಲ ಇವೆ. ಆದರೆ ಇದನ್ನು ಕೋಲಾರದವರು ಓದಲೇಬೇಕು ಅನ್ನಿಸುವುದು ನೀರಿಗಾಗಿ. ಕಡಲುಗಳು ಬತ್ತಿ, ಅವುಗಳ ತಳ ಹಳದಿ ಪಾಚಿಯ ಬಯಲಾಗಿದೆ. ದಂಡೆಯ ಮೇಲಿನ ಊರುಗಳು ಹಾಳು ಬಿದ್ದಿವೆ. ಧ್ರುವಗಳ ಹಿಮ ಕರಗಿದ ನೀರನ್ನು ನೆಲದಡಿ ಕೂಡಿಟ್ಟು, ಪಂಪು ಮಾಡಿ, ಕೊಳವೆಯಲ್ಲಿ ದೂರದ ಊರುಗಳಿಗೆ ಕಳಿಸುತ್ತಾರೆ. ಬತ್ತಿದ ಕೆರೆಯಂಗಳ ಕಂಡವರಿಗೆ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನಿಂದ ಪಂಪಾಗಿ ಬರುವ ನೀರು ನೋಡಿದವರಿಗೆ, ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಖಗೋಳಜ್ಞ ಪರ್ಸಿವಲ್ ಲೊವೆಲ್ ಮಂಗಳದಲ್ಲಿ ಕಾಲುವೆಗಳಿವೆ ಎಂದು ವಾದಿಸುತ್ತಿದ್ದ ಕಾಲದ ಕಲ್ಪನೆ ಅದು. 1965ರಲ್ಲಿ ಮ್ಯಾರಿನರ್ 4 ಗಗನನೌಕೆ ಕಳಿಸಿದ ಚಿತ್ರಗಳಲ್ಲಿ ಕಂಡದ್ದು ಕಾಲುವೆಗಳಲ್ಲ, ಕುಳಿಗಳು.

ವಿಜ್ಞಾನ ಒಂದೆಡೆ ಸರಿ, ಒಂದೆಡೆ ಅತಿ. ಹತ್ತಿರದ ಚಂದ್ರ ಏಳೂವರೆ ಗಂಟೆ ಚಿಲ್ಲರೆಯಲ್ಲಿ ಒಂದು ಸುತ್ತು ಹಾಕುತ್ತಾನೆ ಎಂದಿರುವುದು ನಿಜ. ಫೋಬೋಸ್ ತೆಗೆದುಕೊಳ್ಳುವುದು 7 ಗಂಟೆ 39 ನಿಮಿಷ. ಕಾರ್ಟರ್ 30 ಅಡಿ ಮೇಲಕ್ಕೆ ನೆಗೆಯುವುದು ಮಾತ್ರ ನಡೆಯದ ಮಾತು. ಅಲ್ಲಿಯ ಗುರುತ್ವ ಇಲ್ಲಿಯದರ ಶೇ. 38, ಇಲ್ಲಿ 2 ಅಡಿ ನೆಗೆಯುವವನು ಅಲ್ಲಿ 5 ಅಡಿಯ ಮೇಲೆ ಸ್ವಲ್ಪ ಏರಿಯಾನು.

ಮೊದಲ ಎರಡು ಅಧ್ಯಾಯಗಳಲ್ಲಿ ಅಮೆರಿಕದ ಮೂಲನಿವಾಸಿಗಳಾದ ಅಪಾಚೆ ಜನರನ್ನು ಬರೀ ಕ್ರೂರಿಗಳಾಗಿ ಚಿತ್ರಿಸಿದ್ದು ತಪ್ಪು. ಮಕ್ಕಳ ಕೈಗೆ ಕೊಡುವಾಗ ಅದನ್ನು ಹೇಳಿಯೇ ಕೊಡಿ. ರಾಜಕುಮಾರಿ ದೇಜಾ ಥೋರಿಸ್ ಧೈರ್ಯವಂತೆ, ಆದರೂ ಮತ್ತೆ ಮತ್ತೆ ಸೆರೆಯಾಗುವುದೇ ಅವಳ ಪಾಲಿನ ಕೆಲಸ.

20ನೇ ಅಧ್ಯಾಯವನ್ನು ಓಡಿಸಬೇಡಿ. ಇಡೀ ಗ್ರಹಕ್ಕೆ ಉಸಿರು ತಯಾರಿಸುವ ಕಾರ್ಖಾನೆ, ಅದರ ಬಾಗಿಲು ತೆರೆಯುವ ಗುಟ್ಟು ಅಲ್ಲಿದೆ; ಕೊನೆಯ ಪುಟಗಳು ಅದರ ಮೇಲೇ ನಿಂತಿವೆ.