ಜಲಜನಕದ ಗೆರೆಗಳಿಗೆ ಯಾವುದು ಮೇಲು: ಪಟ್ಟಕವೋ, ಡಿವಿಡಿ ಚೂರೋ, ಗ್ರೇಟಿಂಗ್ ಹಾಳೆಯೋ?

ಜಲಜನಕದ ವಿಸರ್ಜನ ನಳಿಗೆ (ಒಳಗಿನ ಅನಿಲದಲ್ಲಿ ವಿದ್ಯುತ್ ಹರಿಸಿ ಬೆಳಗಿಸುವ ಗಾಜಿನ ಕೊಳವೆ) ಬರಿಗಣ್ಣಿಗೆ ಗುಲಾಬಿಯಾಗಿ ಹೊಳೆಯುತ್ತದೆ, ಅಷ್ಟೇ. ಆ ಬಣ್ಣವನ್ನು ಅದರೊಳಗಿನ ಬಿಡಿ ಬಣ್ಣದ ಗೆರೆಗಳಾಗಿ ಬಿಡಿಸಿ ನೋಡಲು ಗಾಜಿನ ಪಟ್ಟಕ, ಡಿವಿಡಿಯ ಚೂರು, ಮಿಲಿಮೀಟರಿಗೆ 500 ಗೀರುಗಳಿರುವ ಗ್ರೇಟಿಂಗ್ ಹಾಳೆ, ಈ ಮೂರನ್ನೂ ಒಂದೇ ನಳಿಗೆಯೆದುರು ಇಟ್ಟು ನೋಡಿದೆ.

ನೋಟಕ್ಕೆ ಪಟ್ಟಕವೇ ಚೆಂದ. ಬಂದ ಬೆಳಕು ಹಲವು ದಿಕ್ಕುಗಳಿಗೆ ಹಂಚಿಹೋಗದೆ ಒಂದೇ ರೋಹಿತವಾಗುವುದರಿಂದ ಗೆರೆಗಳು ಪ್ರಖರವಾಗಿವೆ. ಪರಮಾಣುವಿನ ಆರನೇ ಶಕ್ತಿಮಟ್ಟದಿಂದ ಎರಡಕ್ಕೆ ಇಳಿಯುವ ಎಲೆಕ್ಟ್ರಾನಿನ 410 ನ್ಯಾನೊಮೀಟರ್ ನೇರಳೆ ಗೆರೆ ನನ್ನ ಕಣ್ಣಿಗೆ ಸಿಕ್ಕಿದ್ದು ಇದರಲ್ಲಿ ಮಾತ್ರ. ಆದರೆ ಸಾಧಾರಣ ಗಾಜಿನಲ್ಲಿ ಕೆಂಪಿಗೂ ಹಸಿರುನೀಲಿಗೂ ನಡುವಿನ ಅಂತರ ಒಂದು ಡಿಗ್ರಿಯೂ ಇಲ್ಲ. ಮೇಲಾಗಿ, ಗಾಜಿನ ವಕ್ರೀಭವನ ಸೂಚ್ಯಂಕ (ಅದು ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ತಿಳಿಯದೆ ಕೋನದಿಂದ ತರಂಗಾಂತರ ಹೇಳಲಾಗದು.

ಡಿವಿಡಿಯ ಸುರುಳಿಯ ಸುತ್ತುಗಳು 0.74 ಮೈಕ್ರೊಮೀಟರ್ ಅಂತರದಲ್ಲಿವೆ. ಎಂದರೆ ಮಿಲಿಮೀಟರಿಗೆ ಸುಮಾರು 1350. ಬಣ್ಣಗಳನ್ನು ಧಾರಾಳವಾಗಿ ಹರಡುತ್ತದೆ, ಗೆರೆಗಳನ್ನು ಬಿಲ್ಲಿನಂತೆ ಬಾಗಿಸುತ್ತದೆ. ಅಳೆಯಹೊರಟವರಿಗೆ ತಲೆನೋವು. ಆದರೂ ಕೆಂಪಿನ ಅಕ್ಕಪಕ್ಕ ಮಸುಕಾದ ಗೆರೆಗಳ ಗುಂಪೊಂದು ಇದರಲ್ಲೇ ಎದ್ದು ಕಂಡಿತು. ಅವು ಒಂಟಿ ಪರಮಾಣುವಿನವಲ್ಲ. ನಳಿಗೆಯಲ್ಲಿ ಇನ್ನೂ ಒಡೆಯದೆ ಉಳಿದ ಜಲಜನಕದ ಅಣುಗಳವು. ಪಠ್ಯಪುಸ್ತಕದ ಚಿತ್ರಗಳು ಈ ಗದ್ದಲವನ್ನು ಒರೆಸಿಹಾಕಿ ನಾಲ್ಕೇ ಗೆರೆ ತೋರಿಸುವುದು ನನಗೆ ಸರಿಬರುವುದಿಲ್ಲ.

ಒಂದನ್ನೇ ಆರಿಸು ಎಂದರೆ ನಾನು ಗ್ರೇಟಿಂಗ್ ಹಾಳೆಯ ಪಕ್ಷ. ಗೀರುಗಳ ಅಂತರ 2000 ನ್ಯಾನೊಮೀಟರ್ ಎಂದು ಮೊದಲೇ ಗೊತ್ತು. ನೇರ ದಾರಿಯಿಂದ ಗೆರೆ ಸರಿದ ಕೋನದ ಸೈನ್ ಬೆಲೆಯಿಂದ ಅದನ್ನು ಗುಣಿಸಿದರೆ ತರಂಗಾಂತರ ಕೈಗೆ ಬಂತು. ಕೆಂಪು 19 ಡಿಗ್ರಿ ದಾಟಿ ನಿಲ್ಲುತ್ತದೆ, ಹಸಿರುನೀಲಿ 14ರ ಬಳಿ. ಲೆಕ್ಕದ ಕಡೆಯಿಂದ ಬಂದರೆ, ಮೂರನೇ ಮಟ್ಟದ ಶಕ್ತಿ −1.51, ಎರಡನೆಯದರದು −3.40 ಎಲೆಕ್ಟ್ರಾನ್ ವೋಲ್ಟ್, ವ್ಯತ್ಯಾಸವಾದ 1.89 ಹೊಮ್ಮುವ ಬೆಳಕಿನ ಕಣವಾದ ಫೋಟಾನಿನ ಪಾಲು. ಎಲೆಕ್ಟ್ರಾನ್ ವೋಲ್ಟನ್ನು ನ್ಯಾನೊಮೀಟರಿಗೆ ತಿರುಗಿಸುವ ಸ್ಥಿರಾಂಕ 1240ನ್ನು ಅದರಿಂದ ಭಾಗಿಸಿದರೆ 656 ನ್ಯಾನೊಮೀಟರ್. ನಾಲ್ಕರಿಂದ ಎರಡಕ್ಕಾದರೆ 2.55, ಅಂದರೆ 486. ಕಾಗದದ ಮೇಲಿನ ಕಳೆಯುವ ಲೆಕ್ಕ ಕೋನಮಾಪಕದ ಮೇಲೂ ಹೊಂದುವುದನ್ನು ನೋಡುವ ಸುಖ ಉಳಿದೆರಡರಲ್ಲಿ ಇಲ್ಲ.

ನೆಲಮಟ್ಟಕ್ಕೆ, ಅಂದರೆ ಎಲ್ಲಕ್ಕಿಂತ ಕೆಳಗಿನ ಮೊದಲನೇ ಮಟ್ಟಕ್ಕೆ, ಇಳಿಯುವ ಎಲೆಕ್ಟ್ರಾನುಗಳ ವಿಷಯದಲ್ಲಿ ಮೂರೂ ಸಮಾನವಾಗಿ ಸೋಲುತ್ತವೆ. ಎರಡರಿಂದ ಒಂದಕ್ಕೆ ಬಿದ್ದಾಗ ಹೊಮ್ಮುವ 121.6 ನ್ಯಾನೊಮೀಟರ್ ಅತಿನೇರಳೆ ಬೆಳಕು ನಳಿಗೆಯ ಗಾಜನ್ನೇ ದಾಟುವುದಿಲ್ಲ.