ನಾಲ್ಕನೇ ಸೈಡಿಗಾಗಿ ಇಟ್ಟುಕೊಂಡ ರೆಕಾರ್ಡು

ಅಮೆರಿಕದ ಹಾಡುಗಾರರಾದ ಸೈಮನ್ ಮತ್ತು ಗಾರ್ಫಂಕಲ್ ಜೋಡಿಯ 'ದ ಕಾನ್ಸರ್ಟ್ ಇನ್ ಸೆಂಟ್ರಲ್ ಪಾರ್ಕ್' ಹಳೇ ಪ್ರತಿಯೊಂದು ಕೈಗೆ ಸಿಕ್ಕಿತು. ಎರಡು ಎಲ್‌ಪಿ ತಟ್ಟೆ, ನಾಲ್ಕು ಸೈಡು, 19 ಹಾಡು. "ಒಂದು ಗೀರೂ ಇಲ್ಲ" ಅಂತ ಆಣೆ ಮಾಡಿ ಮಾರಿದ್ದರು. ಎರಡನೇ ಸೈಡಿನ ಮೊದಲ ಹಾಡಿಗೇ ಮುಳ್ಳು ಸಿಕ್ಕಿಹಾಕಿಕೊಂಡಿತು. ಗಾರ್ಫಂಕಲ್ ಪಾಪ, ನಾನು ಎದ್ದು ಹೋಗಿ ಕೈ ಹಾಕುವವರೆಗೂ ಅದೇ ಅರ್ಧ ಪದ ಹಾಡುತ್ತಾ ಇದ್ದ. ಆದರೂ ವಾಪಸ್ ಕೊಡಲಿಲ್ಲ.

1970ರಲ್ಲಿ ಮುನಿಸಿಕೊಂಡು ಬೇರೆಯಾದ ಜೋಡಿ ಇದು. ಇಬ್ಬರೂ ನ್ಯೂಯಾರ್ಕಿನ ಕ್ವೀನ್ಸ್ ಹುಡುಗರು, ಶಾಲೆಯಿಂದಲೇ ಗೆಳೆಯರು. 1981ರ ಸೆಪ್ಟೆಂಬರ್ 19ರ ಸಂಜೆ ಮತ್ತೆ ಒಂದೇ ಸ್ಟೇಜಿಗೆ ಬಂದರು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಆಗ ಹಾಳು ಬಿದ್ದಿತ್ತು, ರಿಪೇರಿಗೆ ನಗರದ ಹತ್ತಿರ ದುಡ್ಡಿರಲಿಲ್ಲ. ಅದಕ್ಕೆ ಸಹಾಯ ಆಗಲಿ ಅಂತ ಈ ಕಾರ್ಯಕ್ರಮ. ಟಿಕೆಟ್ ಇಲ್ಲ. ಬಂದವರು ಐದು ಲಕ್ಷ ಅಂತ ಲೆಕ್ಕ. ಮೇಯರ್ ಎಡ್ ಕಾಚ್ ಭಾಷಣ ಗೀಷಣ ಏನೂ ಇಲ್ಲದೆ ಇಬ್ಬರ ಹೆಸರು ಹೇಳುತ್ತಾರೆ, ಅಷ್ಟೇ. ಆಮೇಲೆ ಏಳುವ ಗದ್ದಲಕ್ಕೆ ನಾನು ಸೌಂಡು ಕಡಿಮೆ ಮಾಡಬೇಕಾಯಿತು.

ನನ್ನ ತಕರಾರು ಬ್ಯಾಂಡಿನದ್ದು. ಒಂದು ಗಿಟಾರು, ಎರಡು ಗಂಟಲು, ಹಳೇ ಕಾಲದ ಹಾಗೆ ಸಾಕು ಅಂತ ಗಾರ್ಫಂಕಲ್‌ಗೆ ಆಸೆಯಿತ್ತು. ಸೈಮನ್ ಒಪ್ಪಲಿಲ್ಲ, ದೊಡ್ಡ ಬ್ಯಾಂಡೇ ಬೇಕು ಅಂದ. ಡ್ರಮ್ಸ್‌ಗೇ ಇಬ್ಬರು! ನುಡಿಸಿದವರು ಸಾಮಾನ್ಯರಲ್ಲ, ಡ್ರಮ್ಸ್‌ನ ಸ್ಟೀವ್ ಗ್ಯಾಡ್, ಪಿಯಾನೋದ ರಿಚರ್ಡ್ ಟೀ ಅಂಥವರು. ಆದರೆ ಸೈಮನ್ ಒಬ್ಬನೇ ಇದ್ದಾಗ ಬರೆದ ಹಾಡುಗಳೂ ಸಾಕಷ್ಟಿವೆ. ಅವು ಬಂದಾಗ ಗಾರ್ಫಂಕಲ್ ನೆಂಟರ ಮನೆಯ ಮದುವೆಗೆ ಬಂದವನ ಹಾಗೆ ಕೇಳಿಸುತ್ತಾನೆ. ಮೂರನೇ ಸೈಡಿನ ಕೊನೆಗೆ ಟೀ ಪಿಯಾನೋ ಹಿಡಿದು, 'ಬ್ರಿಡ್ಜ್ ಓವರ್ ಟ್ರಬಲ್ಡ್ ವಾಟರ್' ಹಾಡಿಗೆ ಗಾರ್ಫಂಕಲ್ ಒಬ್ಬನೇ ದನಿ ಎತ್ತಿದಾಗ ಮಾತ್ರ ಆ ಲೆಕ್ಕ ಚುಕ್ತಾ.

ಎರಡನೇ ಸೈಡಿನಲ್ಲಿ ಎವರ್ಲಿ ಸೋದರರು ಅನ್ನುವ ಇನ್ನೊಂದು ಹಾಡುಗಾರ ಜೋಡಿಯ ಹಳೇ ಹಾಡೊಂದು ಇದೆ. ತಮಾಷೆ ನೋಡಿ, ಆ ಸೋದರರೂ 1973ರಲ್ಲಿ ಜಗಳವಾಡಿ ಬೇರೆಯಾಗಿದ್ದವರು. ಅವರು ಮತ್ತೆ ಒಂದಾದದ್ದು 1983ರಲ್ಲಿ. ಸೈಮನ್, ಗಾರ್ಫಂಕಲ್ ಎರಡನೇ ಸಲ ಮುರಿದುಕೊಂಡದ್ದೂ ಅದೇ ವರ್ಷ.

ನಾಲ್ಕನೇ ಸೈಡಿಗೆ ಬನ್ನಿ. ಪಾರ್ಕಿನ ಬೆಂಚಿನ ಮೇಲೆ ಕೂತ ಇಬ್ಬರು ಮುದುಕರ ಹಾಡು ಇದರಲ್ಲೇ ಇರುವುದು. ಎಪ್ಪತ್ತಾದಾಗ ಹೇಗಿರುತ್ತೇವೋ ಅಂತ ಇಪ್ಪತ್ತರ ಹರೆಯದಲ್ಲಿ ಬರೆದದ್ದನ್ನು, ನಲವತ್ತರ ಹೊಸ್ತಿಲಲ್ಲಿ ನಿಂತು, ಪಾರ್ಕಿನಲ್ಲೇ ಹಾಡುತ್ತಾರೆ. ಇಲ್ಲಿ ಬ್ಯಾಂಡು ತಲೆ ಹಾಕುವುದಿಲ್ಲ. ಇಬ್ಬರ ದನಿ ಎಷ್ಟು ಹತ್ತಿರ ಬರುತ್ತದೆ ಅಂದರೆ ಯಾವುದು ಯಾರದ್ದು ಅಂತ ಬಿಡಿಸಲು ಹೋಗಿ ನಾನು ಸೋತೆ. ಕೊನೆಯದು 'ದ ಸೌಂಡ್ ಆಫ್ ಸೈಲೆನ್ಸ್'. ಅದರಲ್ಲಿ ಹತ್ತು ಸಾವಿರ ಜನರ ಮಾತು ಬರುವ ಸಾಲಿದೆ. ಆ ಸಾಲಿಗೆ ಐದು ಲಕ್ಷ ಜನ ಹೋ ಅಂತ ಕೂಗುತ್ತಾರೆ. ನಾನೂ ನಕ್ಕೆ. ಇಬ್ಬರೂ ತಾಳ ತಪ್ಪದೆ ಮುಂದಿನ ಸಾಲಿಗೆ ಹೋಗುತ್ತಾರೆ.

ರೆಕಾರ್ಡು 1982ರ ಫೆಬ್ರವರಿಯಲ್ಲಿ ಬಂತು, ಚೆನ್ನಾಗಿ ಓಡಿತು. ಇಬ್ಬರೂ ಊರೂರು ಸುತ್ತಿದರು. ಹೊಸ ಆಲ್ಬಂಗೂ ಕೂತರು. ಗಾರ್ಫಂಕಲ್ ಹಾಡಿಯೂ ಆಗಿತ್ತು. ಇವು ನನ್ನ ಸ್ವಂತ ಬದುಕಿನ ಹಾಡುಗಳು ಅಂತ ಸೈಮನ್ ಅವನ ದನಿಯನ್ನೆಲ್ಲ ಟೇಪಿನಿಂದ ಅಳಿಸಿ, 1983ರಲ್ಲಿ 'ಹಾರ್ಟ್ಸ್ ಅಂಡ್ ಬೋನ್ಸ್' ಅಂತ ಒಬ್ಬನ ಹೆಸರಿನಲ್ಲೇ ಬಿಟ್ಟ. ಅದು ಅಷ್ಟಾಗಿ ಮಾರಾಟ ಆಗಲಿಲ್ಲ. ಮುಂದೆಯೂ ಆಗಾಗ ಸ್ಟೇಜಿನ ಮೇಲೆ ಸೇರಿದರು, ಆದರೆ ಇಬ್ಬರ ಹೊಸ ಸ್ಟುಡಿಯೋ ಆಲ್ಬಂ ಬರಲೇ ಇಲ್ಲ.

ಹಳೇ ಪ್ರತಿ ಕೊಳ್ಳುವವರು ಎರಡನೇ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಮೊದಲನೆಯದರಲ್ಲಿ ಗೀರಿದ್ದರೆ ಸುಮ್ನೆ ಚೌಕಾಸಿ ಮಾಡಿ ತಗೊಳ್ಳಿ. ನಾಲ್ಕನೇ ಸೈಡಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಬೇಡ.